ನಿಂತ ಜೋಳಕ್ಕೆ ದನ ಬಿಟ್ಟ ಕತೆ

ಅಮೆರಿಕದ ನೆಬ್ರಾಸ್ಕಾದಲ್ಲಿರುವ ಭಾವ ಫೋನ್ ಮಾಡಿದಾಗೆಲ್ಲ ಅಲ್ಲಿನ ದನಗಳದ್ದೇ ಸುದ್ದಿ. ಮಾಂಸಕ್ಕೆ ಸಾಕುವ ಹೋರಿಗಳನ್ನು ಕೊಬ್ಬಿಸಲು ಕೆಲವರು ಕೊಯ್ಯದೆ ನಿಂತ ಮೆಕ್ಕೆಜೋಳದ ಹೊಲಕ್ಕೇ ಬಿಡುತ್ತಾರಂತೆ. ಕೊಯ್ಯುವ ಖರ್ಚಿಲ್ಲ, ಸಗಣಿ ಹೊರುವ ಕೆಲಸವೂ ಇಲ್ಲ.

ನನಗೂ ಆಸೆಯಾಯ್ತು. ಬ್ರಹ್ಮಾವರದ ಹತ್ತಿರ ನಮ್ಮದು ಹಾಲಿನ 2 ಜರ್ಸಿ ದನ, ಅಷ್ಟೇ. ಭತ್ತ ಕೊಯ್ದ ಗದ್ದೆಯಲ್ಲಿ 10 ಸೆಂಟ್ಸ್ ಮೆಕ್ಕೆಜೋಳ ಹಾಕಿದ್ದೆ. ಕಾಳು ಗಟ್ಟಿಯಾಗುತ್ತಿದ್ದಂತೆ ಗೌರಿಯನ್ನು ಬಿಟ್ಟೆ. ಮೊದಲು ಎಲೆ ತಿಂದೀತು ಅಂದುಕೊಂಡಿದ್ದೆ. ಎಲ್ಲಿ! ನಾಲಿಗೆ ಸುತ್ತಿ, ಸಿಪ್ಪೆ ಸಮೇತ ತೆನೆ ಕಿತ್ತು, ಕಟಕಟ ಜಗಿದು ಮುಂದಿನ ಗಿಡಕ್ಕೆ ಹೋಯಿತು. ಎಲೆಯ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಮೆಲುಕಿಲ್ಲ. ಸಗಣಿ ನೀರು ನೀರು. ಒಮ್ಮೆಲೇ ಕಾಳು ಜಾಸ್ತಿಯಾಗಿ ಹೊಟ್ಟೆಯಲ್ಲಿ ಹುಳಿ ಏರಿದೆ ಎಂದು ಡಾಕ್ಟ್ರು ಸೋಡಾಪುಡಿ ನೀರು ಕುಡಿಸಿದರು.

ಭಾವನಿಗೆ ಹೇಳಿದೆ. "ಮಾರಾಯ, ಇಲ್ಲಿ ಕರೆಂಟ್ ಬೇಲಿ ಹಾಕಿ ಸ್ವಲ್ಪ ಸ್ವಲ್ಪವೇ ಜಾಗ ಬಿಡುವುದು. ಮೊದಲೇ ಒಣಹುಲ್ಲು ತಿನ್ನಿಸಿ, ಕಾಳು ನಿಧಾನ ರೂಢಿ ಮಾಡಿಸ್ತಾರೆ" ಎಂದರು. ಇದನ್ನು ಮೊದಲೇ ಹೇಳಬಹುದಿತ್ತು ಅಲ್ವಾ!

ಗೌರಿ ಈಗ ಹುಷಾರು. ಉಳಿದ ಜೋಳವನ್ನು ನಾನೇ ಕೊಯ್ದು, ಬೈಹುಲ್ಲಿನ ಜೊತೆ ಹಟ್ಟಿಯಲ್ಲೇ ಹಾಕುತ್ತಿದ್ದೇನೆ. ಗದ್ದೆ ಕಡೆ ನೋಡಿ ಕೂಗುವುದು ಮಾತ್ರ ನಿಂತಿಲ್ಲ.