ಶಹಬ್ಬಾಸ್ ಅಂದ್ರೆ ಖುಷಿಯಾಗಿರು

ಶಹಬ್ಬಾಸ್ ಅನ್ನೋ ಪದದಲ್ಲಿ 'ಶಹ' ಕಾಣುತ್ತಲ್ಲ, ಅದಕ್ಕೆ ಬಹಳ ಜನ ಇದು ರಾಜರ ಕಾಲದ ಬಿರುದಿನ ಥರ ಏನೋ ಇರಬೇಕು ಅಂದುಕೊಳ್ಳುತ್ತಾರೆ. ಆದರೆ ಹಾಗಲ್ಲ, ಪಾರ್ಸಿಯಲ್ಲಿ, ಅಂದರೆ ಪರ್ಷಿಯನ್ ಭಾಷೆಯಲ್ಲಿ, ಅದು 'ಶಾದ್ ಬಾಶ್'. ಶಾದ್ ಅಂದರೆ ಖುಷಿ, ಬಾಶ್ ಅಂದರೆ ಇರು. ಎರಡೂ ಕೂಡಿ ಶಾಬಾಶ್ ಆಯಿತು, ಮರಾಠಿಯಲ್ಲಿ ಶಾಬ್ಬಾಸ್, ನಮ್ಮಲ್ಲಿ ಶಹಬ್ಬಾಸ್. ಮಾಡಿದ ಕೆಲಸ ಹೇಗಿದೆ ಅನ್ನೋ ಮಾತೇ ಅದರಲ್ಲಿ ಇಲ್ಲ ನೋಡಿ! ಮಾಡಿದವರು ಚೆನ್ನಾಗಿರಲಿ ಅನ್ನೋ ಹಾರೈಕೆ. ನನಗೆ ಈ ಪದದ ಮೇಲೆ ಇಷ್ಟು ಪ್ರೀತಿ ಬಂದಿದ್ದೇ ಇದಕ್ಕೆ.

ಪಾರ್ಸಿ ಮಾತು ಕನ್ನಡಕ್ಕೆ ಜಾಸ್ತಿ ಬಂದಿದ್ದು ಆಡಳಿತದ ದಾರಿಯಲ್ಲಿ. ಬಿಜಾಪುರದ ಆದಿಲ್‌ಶಾಹಿಗಳು, ಆಮೇಲೆ ಹೈದರಾಲಿ. ನಮ್ಮ ಹೊಸನಗರ ತಾಲ್ಲೂಕಿನ ನಗರ ಆಗ ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರ್ ಅದನ್ನು ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ, ಅದರಲ್ಲಿ ಈಗ 'ನಗರ' ಮಾತ್ರ ಉಳಿದಿದೆ. ಜಮೀನು, ದಸ್ತಾವೇಜು, ದಫ್ತರ ಎಲ್ಲ ಪಾರ್ಸಿಯವೇ. ಖುಷಿಯೂ ಅಷ್ಟೇ.

ಹಾಗಂತ ಹೊಗಳೋಕೆ ನಮಗೆ ಮಾತಿರಲಿಲ್ಲ ಅಂತಲ್ಲ. ಮೆಚ್ಚು ಅನ್ನೋದು ಅಪ್ಪಟ ದ್ರಾವಿಡ ಪದ, ತಮಿಳು ತೆಲುಗಿನಲ್ಲೂ ಇದೆ. ಕುಮಾರವ್ಯಾಸನಲ್ಲಂತೂ 'ಭಳಿರೆ', 'ಮಝ ಪೂತು' ಅಂತ ಹೊಗಳಿಕೆಯ ರಾಶಿಯೇ ಇದೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಹಾಡಿ ಓದೋ ಕಲೆಗೆ, ಹೆಸರಾದ ಊರು, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಒಳ್ಳೆ ಗಮಕಿ ಆ 'ಮಝ ಪೂತು' ಎತ್ತಿ ಹಾಡಿದರೆ ಮೈ ಜುಂ ಅನ್ನುತ್ತೆ.

ಆದರೆ ಮಲೆನಾಡಿನಲ್ಲಿ ನಾವು ಎದುರಿಗೆ ಹೊಗಳೋದು ಬಹಳ ಕಡಿಮೆ. ಊಟ ಹೇಗಿತ್ತು? ಅಡ್ಡಿಲ್ಲ. ಹೊಸ ಅಳಿಯ ಹೇಗೆ? ಅಡ್ಡಿಲ್ಲ. ಅದಕ್ಕಿಂತ ಮೇಲೆ ಬಾಯಿ ಬರಲ್ಲ.

ಅಡಿಕೆ ಗೊನೆ ಇಳಿಸೋ ಕೊನೆಕೊಯ್ಲಲ್ಲಿ ನೋಡಬೇಕು. ಕೊನೆ ಕೊಯ್ಯೋ ಕೊನೆಗೌಡ ಅಡಿಕೆ ಮರದ ತುದಿಯಲ್ಲಿ ಕೂತು, ಮರವನ್ನೇ ಜೀಕಿ ಪಕ್ಕದ ಮರ ಹಿಡಿದು, ನೆಲಕ್ಕೆ ಇಳಿಯದೆ ಹಾಗೇ ದಾಟಿಕೊಳ್ಳುತ್ತಾನೆ. ಕೊಯ್ದ ಕೊನೆ ಹಗ್ಗದ ಮೇಲೆ ಸರ್ರನೆ ಜಾರಿ ಕೆಳಗಿದ್ದವನ ಕೈಗೆ ಬರುತ್ತೆ. ಅವನು ಇಳಿದು ಬಂದಾಗ ನಾವು ಹೇಳೋದು, 'ಅಡ್ಡಿಲ್ಲ, ಬೇಗ ಆಯ್ತು'. ಬೆನ್ನ ಹಿಂದೆ ಮಾತ್ರ ಅವನಂಥ ಕೆಲಸಗಾರ ಇಲ್ಲ ಅಂತ ಊರೆಲ್ಲ ಹೇಳ್ತೀವಿ. ಇದು ನನಗೆ ಸರಿ ಕಾಣಲ್ಲ. ಅಷ್ಟು ಎತ್ತರದಲ್ಲಿ ಜೀವ ಕೈಯಲ್ಲಿ ಹಿಡಿದು ದುಡಿದವನು ಕ್ಷೇಮವಾಗಿ ನೆಲಕ್ಕೆ ಕಾಲಿಟ್ಟಾಗ, ಅವನ ಮುಖ ನೋಡಿ 'ಶಹಬ್ಬಾಸ್ ಮಾರಾಯ' ಅನ್ನಬೇಕು, ಅಲ್ವಾ?