ಎರಡನೇ ಶನಿವಾರದ ಜೊತೆ

ನನ್ನ ಮುಸುಕಿಗೆ ಒಂದು ಮೀಟರ್ ಮಲ್ ಅನ್ನೋ ತೆಳು ಹತ್ತಿ ಬಟ್ಟೆ ಸಾಕು. ಚೌಕವಾಗಿ ಕತ್ತರಿಸಿ, ನಾಲ್ಕೂ ಅಂಚನ್ನು ಬೆರಳಲ್ಲೇ ಸಣ್ಣಗೆ ಸುರುಳಿ ಸುತ್ತಿ ಕೈಹೊಲಿಗೆ ಹಾಕುತ್ತೇನೆ. ಮೆಷಿನ್ನಿಗೆ ಕೊಟ್ಟರೆ ಅಂಚು ಗಟ್ಟಿಯಾಗುತ್ತದೆ, ಕಿವಿ ಹಿಂದೆ ಕೊರೆಯುತ್ತದೆ. ಓರೆಯಾಗಿ ಮಡಚಿ, ಹಣೆ ಮೇಲೆ ಎರಡು ಬೆರಳಿನಷ್ಟು ಕೂದಲು ಬಿಟ್ಟು, ತುರುಬಿನ ಕೆಳಗೆ ಗಂಟು. ಎರಡು ಗುಂಡುಪಿನ್ನು. ಬೆಳಗ್ಗೆ ಒಂದು ನಿಮಿಷದ ಕೆಲಸ. ಈ ಒಂದು ನಿಮಿಷದ ಕೆಲಸಕ್ಕೆ ಜೊತೆ ಸಿಗೋಕೆ ನನಗೆ ಹೆಚ್ಚುಕಡಿಮೆ ಏಳು ವರ್ಷ ಬೇಕಾಯಿತು.

ನಾನು ಮಂಡ್ಯದವಳು. ಮನೆಯ ಮುಂದಿನ ರೂಮಿನಲ್ಲಿ ಎರಡು ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ನಮ್ಮವರು ವೈರಿಂಗ್ ಕೆಲಸ ಮಾಡುತ್ತಾರೆ. ಅಜ್ಜಿಯ ಕಾಲದಿಂದಲೂ ನಾವು ಕ್ರೈಸ್ತರು. ಹಾಗಾಗಿ ತಲೆ ಮುಚ್ಚೋದು ನನಗೆ ಹೊಸದಾಗಿರಲಿಲ್ಲ. ಸಭೆಯಲ್ಲಿ ಪ್ರಾರ್ಥನೆ ಅಂದ ಕೂಡಲೇ ಹೆಂಗಸರ ಸೆರಗು ತಲೆ ಮೇಲೆ ಬರುತ್ತದೆ, ಆಮೆನ್ ಅಂದ ಕೂಡಲೇ ಇಳಿಯುತ್ತದೆ. ಚಿಕ್ಕವಳಿದ್ದಾಗಿಂದ ನೋಡಿದ್ದೇನೆ, ಮಾಡಿದ್ದೇನೆ.

2015ರ ಕೊನೆಯಲ್ಲಿ ನಮ್ಮ ಸತ್ಯವೇದ, ಅಂದರೆ ಬೈಬಲಿನಲ್ಲಿ, ಕೊರಿಂಥದವರಿಗೆ ಪೌಲ ಬರೆದ ಮೊದಲನೇ ಪತ್ರ ಓದುತ್ತಿದ್ದೆ. 11ನೇ ಅಧ್ಯಾಯ. ಪ್ರಾರ್ಥನೆ ಮಾಡುವ ಹೆಂಗಸು ತಲೆಗೆ ಮುಸುಕು ಹಾಕಿಕೊಳ್ಳಲಿ ಅನ್ನೋ ಮಾತು. ಅದೇ ಪೌಲ ಥೆಸಲೊನೀಕದವರಿಗೆ ಬರೆಯುವಾಗ ಬಿಡದೆ ಪ್ರಾರ್ಥನೆ ಮಾಡಿ ಅನ್ನುತ್ತಾನೆ. ನಾನು ಪ್ರಾರ್ಥನೆ ಮಾಡೋದು ಜಾಸ್ತಿ ಮೆಷಿನ್ ಮುಂದೆ ಕೂತಾಗಲೇ. ಪೆಡಲ್ ತುಳಿಯುತ್ತಾ ಮನಸ್ಸಿನಲ್ಲೇ. ಹಾಗಾದರೆ ಸೆರಗು ಇಳಿಸೋದು ಯಾವಾಗ? ಎರಡು ತಿಂಗಳು ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಮೇಲೆ ಒಂದು ದಿನ ಇಳಿಸದೆ ಹಾಗೇ ಬಿಟ್ಟೆ. ಸೆರಗು ಜಾರುತ್ತೆ ಅಂತ ಮಲ್ ಬಟ್ಟೆ ತಂದೆ.

ಮುಂದಿನದು ಒಡವೆ. ಪೇತ್ರನ ಮೊದಲನೇ ಪತ್ರದಲ್ಲೂ ತಿಮೊಥೆಯನಿಗೆ ಬರೆದ ಪತ್ರದಲ್ಲೂ ಚಿನ್ನ, ಬೆಲೆಬಾಳುವ ಬಟ್ಟೆಯ ಸಿಂಗಾರ ಬೇಡ ಅಂತ ಇದೆ. ಓಲೆ ತೆಗೆದೆ, ಬಳೆ ತೆಗೆದೆ. ಸೀರೆ ಒಂದೇ ಬಣ್ಣದ್ದು, ಕಾಟನ್. ಹೂವು ಬಿಟ್ಟೆ. ಹೂವು ಬೇಡ ಅಂತ ಎಲ್ಲೂ ಬರೆದಿಲ್ಲ, ಅದು ನನ್ನದೇ ತೀರ್ಮಾನ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಮಾರ್ಕೆಟ್ ಹತ್ತಿರ ಒಬ್ಬರು ಹೂವಿನಮ್ಮ ಇದ್ದರು. ದಿನಾ ಸಂಜೆ ಅವರ ಹತ್ತಿರ ಒಂದು ಮೊಳ ಮಲ್ಲಿಗೆ ತಗೊಳ್ಳುತ್ತಿದ್ದೆ. ನಿಲ್ಲಿಸಿದ ಮೇಲೆ ಒಂದು ವಾರ ಬೇರೆ ದಾರಿಯಲ್ಲಿ ಹೋದೆ. ಎಂಟನೇ ದಿನ ಎದುರು ಸಿಕ್ಕರು. ನನ್ನ ಬರಿ ಕೈ ನೋಡಿದರು, ಕಿವಿ ನೋಡಿದರು. ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡು ತುಂಬಾ ಮೆಲ್ಲಗೆ ಕೇಳಿದರು, "ಯಾವಾಗವ್ವ ಹೋದ್ರು ನಿಮ್ಮ ಯಜಮಾನ್ರು?"

ನನಗೆ ಮಾತೇ ಹೊರಡಲಿಲ್ಲ. ಮಂಡ್ಯದಲ್ಲಿ ಹೂವಿಲ್ಲದ ತಲೆ, ಬಳೆಯಿಲ್ಲದ ಕೈ ಅಂದರೆ ಅದೊಂದೇ ಅರ್ಥ. ಅಮ್ಮ ಅತ್ತಿದ್ದೂ ಅದಕ್ಕೇ. "ಗಂಡ ಬದುಕಿರೋವಾಗ ಯಾಕೇ ಈ ವೇಷ?" ಅಂತ. ನಮ್ಮ ಸೀಮೆಯಲ್ಲಿ ಎಷ್ಟೋ ಹೆಂಗಸರ ಕೈಯಿಂದ ಬಳೆಯನ್ನು ಬಲವಂತವಾಗಿ ತೆಗೆಸಿದ್ದಾರೆ. ನಾನು ಇಷ್ಟಪಟ್ಟು ತೆಗೆದೆ. ಎರಡೂ ಬೇರೆ. ಆದರೆ ನೋಡೋರಿಗೆ ಒಂದೇ ಥರ ಕಾಣುತ್ತದೆ. ಅಮ್ಮನಿಗೆ ಇವತ್ತಿಗೂ ಇಷ್ಟವಿಲ್ಲ. ಅವರ ನೋವು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ.

ಸಭೆಯಲ್ಲಿ ಬೇರೆ ಥರದ ಕಷ್ಟ. ಹಿರಿಯರೊಬ್ಬರು "ಇದೆಲ್ಲ ಪೆಂಟೆಕೋಸ್ಟ್‌ನವರ ಪದ್ಧತಿ, ನಮ್ಮದಲ್ಲಮ್ಮ" ಅಂದರು. ಪೆಂಟೆಕೋಸ್ಟ್ ಅಂದರೆ ಬೇರೊಂದು ಕ್ರೈಸ್ತ ಪಂಗಡ. ಕೋಪದಿಂದೇನೂ ಅಲ್ಲ, ಬುದ್ಧಿ ಹೇಳೋ ಹಾಗೆ ಅಂದದ್ದು. ಮನೆಗೆ ಬಂದು ಹುಡುಕಿ ಹುಡುಕಿ ಓದಿದೆ. ನಮ್ಮ ಅಜ್ಜಿಯ ಮನೆತನಕ್ಕೆ ಯೇಸುವಿನ ಸುವಾರ್ತೆ ತಲುಪಿದ್ದು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ ಕಡೆಯಿಂದ. ಆ ಮಿಷನ್ನಿನವರು ಮೈಸೂರು ಸೀಮೆಯಲ್ಲಿ ಶಾಲೆ ಕಟ್ಟಿದರು, ಪ್ರೆಸ್ ಇಟ್ಟರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಇವತ್ತಿಗೂ ಜನ ಮಿಷನ್ ಆಸ್ಪತ್ರೆ ಅನ್ನೋದೂ ಅವರು 1906ರಲ್ಲಿ ಶುರು ಮಾಡಿದ್ದೇ. ಅವರ ಮೂಲ ಪುರುಷ ಜಾನ್ ವೆಸ್ಲಿ 1743ರಲ್ಲಿ ತನ್ನ ಜೊತೆಯವರಿಗೆ ಕೆಲವು ನಿಯಮ ಬರೆದುಕೊಟ್ಟ. ಅದರಲ್ಲೇ ಇದೆ, ಚಿನ್ನ ಹಾಕಬೇಡಿ, ದುಬಾರಿ ಬಟ್ಟೆ ಉಡಬೇಡಿ ಅಂತ. 1760ರಲ್ಲಿ ಉಡುಪಿನ ಬಗ್ಗೆಯೇ ಬೇರೆ ಒಂದು ಪುಸ್ತಿಕೆ ಬರೆದ. ಉಳಿದ ದುಡ್ಡು ಬಡವರಿಗೆ ಹೋಗಬೇಕು ಅನ್ನೋದು ಅವನ ವಾದ. ಅಂದರೆ ಇದು ನಮ್ಮ ಮನೆಯಲ್ಲೇ ಇದ್ದ ಪದ್ಧತಿ, ಯಾವಾಗಲೋ ಕೈ ಜಾರಿ ಹೋಗಿತ್ತು. ಓದಿ ಸಂತೋಷವಾಯಿತು. ಆದರೆ 1743ರವರು ಬಂದು ನನ್ನ ಪಕ್ಕ ಕೂರುವುದಿಲ್ಲ ಅಲ್ವಾ?

ಒಬ್ಬಳೇ ಇದ್ದ ಆ ವರ್ಷಗಳಲ್ಲಿ ನನಗೆ ಆದದ್ದನ್ನು ಬಿಚ್ಚಿ ಹೇಳಬೇಕು. ಬಟ್ಟೆಯ ಯೋಚನೆ ಕಡಿಮೆಯಾಗಲಿ ಅಂತ ಸರಳ ಉಡುಪು ಹಿಡಿದವಳು ನಾನು. ಆದರೆ ಮುಂಚೆಗಿಂತ ಜಾಸ್ತಿ ಬಟ್ಟೆಯನ್ನೇ ಯೋಚಿಸತೊಡಗಿದೆ. ತೋಳು ಮೊಣಕೈವರೆಗೆ ಸಾಕಾ, ಮಣಿಕಟ್ಟಿನವರೆಗೆ ಬೇಕಾ? ಸಣ್ಣ ಚೌಕಳಿ ಸೀರೆ ಆಗುತ್ತಾ? ಎರಡು ಬೆರಳಿನ ಅಂಚು ಇದ್ದರೆ? ನೀಲಿ ಸರಿ, ಗಿಳಿಹಸಿರು? ಎಲ್ಲಕ್ಕೂ ನಾನೇ ಕಾನೂನು, ನಾನೇ ಜಡ್ಜು. ಹೂವು ಬಿಟ್ಟದ್ದೂ ಹಾಗೇ, ಯಾರನ್ನೂ ಕೇಳದೆ. ಇನ್ನೂ ಕೆಟ್ಟದ್ದು ಏನೆಂದರೆ, ಭಾನುವಾರ ಸಭೆಯಲ್ಲಿ ಪಾಸ್ಟರ್ ಪ್ರಸಂಗ ಮಾಡುವಾಗ ನಾನು ಮುಂದಿನ ಬೆಂಚಿನವರ ಕಿವಿಯೋಲೆ ನೋಡುತ್ತಾ ಕೂತಿರುತ್ತಿದ್ದೆ. ಇವರದು ಎಷ್ಟು ಗ್ರಾಂ ಇರಬಹುದು ಅಂತ. ಆ ಕಣ್ಣು ನನಗೆ ಮೊದಲು ಇರಲಿಲ್ಲ.

ಅಮೆರಿಕದಲ್ಲಿ ತುಂಬಾ ಸರಳವಾಗಿ ಬದುಕುವ ಅಮಿಶ್ ಅನ್ನೋ ಕ್ರೈಸ್ತ ಜನರ ಬಗ್ಗೆ ಓದಿದಾಗ ನನ್ನ ತಪ್ಪು ಎಲ್ಲಿದೆ ಅಂತ ಹೊಳೆಯಿತು. 1525ರಲ್ಲಿ ಜೂರಿಕ್‌ನಲ್ಲಿ ಶುರುವಾದ ಅನಾಬ್ಯಾಪ್ಟಿಸ್ಟ್ ಅನ್ನೋ ಕ್ರೈಸ್ತ ಸಭೆಗಳಿಂದ ಬಂದವರು ಮೆನ್ನೊನೈಟರು ಅನ್ನೋ ಪಂಗಡದವರು. ಅದೇ ಬಳಗದೊಳಗೆ 1693ರಲ್ಲಿ ಯಾಕೋಬ್ ಅಮ್ಮಾನ್ ಅನ್ನುವವನ ಕಾಲಕ್ಕೆ ಬೇರೆಯಾದವರು ಅಮಿಶರು. ಅವರಲ್ಲಿ ಉಡುಪಿನ ನಿಯಮವನ್ನು ಯಾರೂ ಒಬ್ಬರೇ ಕೂತು ಮಾಡುವುದಿಲ್ಲ. ವರ್ಷಕ್ಕೆ ಎರಡು ಸಲ, ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳೋ ಆರಾಧನೆಗೆ) ಮುಂಚೆ, ಇಡೀ ಸಭೆ ಸೇರಿ ನಮ್ಮ ನಿಯಮ ಇದು ಅಂತ ಒಪ್ಪಿಕೊಳ್ಳುತ್ತದೆ. ಒಪ್ಪಿಕೊಂಡ ಮೇಲೆ ಮುಗಿಯಿತು. ಬೆಳಗ್ಗೆ ಎದ್ದು ಉಟ್ಟುಕೊಂಡು ಹೊಲಕ್ಕೆ ಹೋಗುತ್ತಾರೆ. ನನಗೆ ಬೇಕಾಗಿದ್ದದ್ದು ಸಮಾಧಾನ ಹೇಳೋರಲ್ಲ. ಜೊತೆಯಲ್ಲಿ ಕೂತು ತೀರ್ಮಾನ ಮಾಡೋರು ಬೇಕಾಗಿದ್ದರು.

2022ರ ಫೆಬ್ರವರಿಯಲ್ಲಿ ಹಿಜಾಬ್ ಗಲಾಟೆ ಜೋರಾಯಿತು. ಮಂಡ್ಯದ ಹೆಸರು ದೇಶಕ್ಕೆಲ್ಲ ಕೇಳಿಸಿತು. ಆ ತಿಂಗಳುಗಳಲ್ಲಿ ಬಸ್ಸಿನಲ್ಲಿ ನನ್ನ ತಲೆ ನೋಡಿ ಜನ ದೂರ ಸರಿದದ್ದುಂಟು, ಗೊಣಗಿದ್ದುಂಟು. ನಾನು ಕ್ರೈಸ್ತಳು ಅಂತ ಹೇಳಿ ಬಚಾವಾಗಲು ಮನಸ್ಸು ಬರಲಿಲ್ಲ. ಸುಮ್ನೆ ಕೂತಿರುತ್ತಿದ್ದೆ. ಅದೇ ಹೊತ್ತಿಗೆ ಚೂಡಿದಾರ್ ಹೊಲಿಸೋಕೆ ಬರುತ್ತಿದ್ದ ಒಬ್ಬ ಮುಸ್ಲಿಂ ಅಕ್ಕ ನನಗೆ ಪಿನ್ನು ಚುಚ್ಚೋದು ಕಲಿಸಿದರು. ಪಿನ್ನನ್ನು ಒಂದೇ ಸಲ ಹೊಗಿಸಿದರೆ ಸಂಜೆಗೆ ಜಾರಿ ಬೀಳುತ್ತೆ. ಬಟ್ಟೆಯೊಳಗೆ ಇಳಿಸಿ, ಮೇಲೆ ತಂದು, ಮತ್ತೆ ಇಳಿಸಿ, ಮೊನೆಯನ್ನು ಮಡಿಕೆಯೊಳಗೆ ಮುಚ್ಚಿಬಿಡಬೇಕು. ಅವರೇ ನನ್ನ ಮುಂದೆ ನಿಂತು, ನನ್ನ ಗಲ್ಲ ಸ್ವಲ್ಪ ಎತ್ತಿ ಹಿಡಿದು, ಮಗುವಿಗೆ ಮಾಡೋ ಹಾಗೆ ಮಾಡಿ ತೋರಿಸಿದರು. ಆರು ವರ್ಷದಲ್ಲಿ ನನ್ನ ಮುಸುಕನ್ನು ಪ್ರೀತಿಯಿಂದ ಮುಟ್ಟಿದ ಮೊದಲ ಕೈ ಅದು.

ನಾನು ಈಗ ಅಜ್ಜಿ ಅಂತ ಕರೆಯೋ ಒಬ್ಬ ಹಿರಿಯಮ್ಮ ಸಿಕ್ಕಿದ್ದು ಅದೇ ವರ್ಷ ಮಳೆಗಾಲದಲ್ಲಿ, ಟ್ರೈನಿನಲ್ಲಿ. ಲೈನಿಂಗ್ ಬಟ್ಟೆ ತರಲು ಮೈಸೂರಿಗೆ ಹೊರಟಿದ್ದೆ. ಪಾಂಡವಪುರದಲ್ಲಿ ಹತ್ತಿ ಎದುರು ಸೀಟಿನಲ್ಲಿ ಕೂತರು. ಅಂಚಿಲ್ಲದ ಬಿಳಿ ಸೀರೆ, ಉದ್ದ ತೋಳಿನ ಬ್ಲೌಸು. ಕಿವಿಯ ತೂತು ಯಾವ ಕಾಲದಲ್ಲೋ ಮುಚ್ಚಿ ಒಂದು ಚುಕ್ಕಿಯಷ್ಟೇ ಉಳಿದಿತ್ತು. ಬಟ್ಟೆ ಚೀಲದಲ್ಲಿ ಸತ್ಯವೇದದ ಕೆಂಪು ಅಂಚು ಕಾಣುತ್ತಿತ್ತು. ಶ್ರೀರಂಗಪಟ್ಟಣ ದಾಟಿ ಕಾವೇರಿ ಸೇತುವೆ ಮೇಲೆ ಟ್ರೈನು ಸದ್ದು ಮಾಡುವಾಗ ಮುಂದಕ್ಕೆ ಬಗ್ಗಿ ಕೇಳಿದರು, "ವಿಶ್ವಾಸಿಯಾ ಮಗಳೇ?" ಹೂಂ ಅಂದೆ. "ಸ್ತೋತ್ರ" ಅಂದರು, ಕ್ರೈಸ್ತ ವಿಶ್ವಾಸಿಗಳು ಒಬ್ಬರಿಗೊಬ್ಬರು ಹೇಳೋ ನಮಸ್ಕಾರ ಅದು. ನನಗೆ ಅಳು ಬಂತು. ನಾಗನಹಳ್ಳಿ ಬರೋವರೆಗೂ ಅತ್ತೆ. ಅವರು ಏನೂ ಕೇಳಲಿಲ್ಲ, ಕಿಟಕಿ ಕಡೆ ನೋಡುತ್ತಾ ಕೂತಿದ್ದರು.

ಅಜ್ಜಿ ಬ್ರದರನ್ ಅನ್ನೋ ಪಂಗಡದ ಸಭೆಯವರು. ಪಾಸ್ಟರ್ ಇರುವುದಿಲ್ಲ, ಪ್ರತಿ ಭಾನುವಾರ ಕರ್ತನ ಭೋಜನದ ರೊಟ್ಟಿ ಮುರಿಯುತ್ತಾರೆ, ಹೆಂಗಸರು ತಲೆ ಮುಚ್ಚಿಯೇ ಕೂರುತ್ತಾರೆ. ಮನೆ ಮೈಸೂರಿನ ಎನ್.ಆರ್. ಮೊಹಲ್ಲಾದಲ್ಲಿ. ಅವರ ಮನೆಯಲ್ಲೇ ಕೇರಳದ ಒಬ್ಬ ನರ್ಸ್ ಅಕ್ಕ ಪರಿಚಯವಾದರು. ಅವರದು ಪೆಂಟೆಕೋಸ್ಟ್ ಕುಟುಂಬ. ಮದುವೆಯಲ್ಲೂ ಚಿನ್ನ ಹಾಕಲಿಲ್ಲ. ಆಮೇಲೆ ಒಬ್ಬಳು ಕಾಲೇಜು ಹುಡುಗಿ ಬಂದಳು, ಕಥೋಲಿಕ ಮನೆಯವಳು. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ ಪೂಜೆಗೆ ಹೋಗುವಾಗ ಬಿಳಿ ಲೇಸಿನ ಮುಸುಕು ಹಾಕುತ್ತಾಳೆ. ಕಥೋಲಿಕರಲ್ಲಿ ಹೆಂಗಸರು ತಲೆ ಮುಚ್ಚಬೇಕು ಅನ್ನೋದು 1917ರ ಚರ್ಚ್ ಕಾನೂನಿನಲ್ಲೇ ಇತ್ತಂತೆ. 1983ರ ಹೊಸ ಕಾನೂನಿನಲ್ಲಿ ಆ ಮಾತು ಇಲ್ಲ. ತನ್ನ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ ಮುಸುಕನ್ನು ಇವಳು ಮತ್ತೆ ಹಾಕಿಕೊಂಡಳು.

ಈ ಕಥೋಲಿಕ ಹುಡುಗಿಯ ಜೊತೆ ಕೂತು ಪ್ರಾರ್ಥನೆ ಮಾಡೋಕೆ ಬ್ರದರನ್ ಅಜ್ಜಿಗೆ ನಾಲ್ಕು ತಿಂಗಳು ಹಿಡಿಯಿತು. ಅವರ ಕಾಲದವರಿಗೆ ಅದು ಸಣ್ಣ ವಿಷಯವಲ್ಲ. ರೊಟ್ಟಿಯನ್ನು ನಾವು ಇವತ್ತಿಗೂ ಒಟ್ಟಿಗೆ ಮುರಿಯುವುದಿಲ್ಲ, ಅವರವರ ಸಭೆಯಲ್ಲೇ. ಅದು ನನಗೆ ನೋವೇ. ಇಡೀ ದಿನ ಮುಚ್ಚಬೇಕಾ ಅನ್ನೋದರಲ್ಲೂ ಒಮ್ಮತವಿಲ್ಲ. ಪೌಲ ಹೇಳಿರೋದು ಪ್ರಾರ್ಥನೆಯ, ಪ್ರವಾದನೆಯ (ದೇವರ ಮಾತು ನುಡಿಯೋ) ಹೊತ್ತಿಗೆ ಅಷ್ಟೇ ಅಂತ ಅಜ್ಜಿಯ ವಾದ. ನನ್ನದು ಬೇರೆ. ಆದರೂ ಪ್ರತಿ ತಿಂಗಳ ಎರಡನೇ ಶನಿವಾರ ಸೇರುತ್ತೇವೆ. ನಾನು ಮಂಡ್ಯದಿಂದ ಅಚ್ಚುಬೆಲ್ಲ ಒಯ್ಯುತ್ತೇನೆ. ಓದುತ್ತೇವೆ, ಪ್ರಾರ್ಥಿಸುತ್ತೇವೆ, ಬಸ್ಸಾರು ಮುದ್ದೆ ಉಣ್ಣುತ್ತೇವೆ. ತೋಳು ಮೊಣಕೈ ದಾಟಿದರೆ ಸಾಕು ಅಂತ ಒಂದೇ ಮಧ್ಯಾಹ್ನ ಮುಗಿಸಿದೆವು. ಇರೋ ಸೀರೆಯನ್ನು ಬಿಸಾಡಬಾರದು, ಹರಿಯೋವರೆಗೂ ಉಡಬೇಕು ಅಂತಲೂ ಆಯಿತು, ಗಿಳಿಹಸಿರು ಆದರೂ ಸರಿ. ಹೂವಿನ ವಿಷಯ ಕೇಳಿದಾಗ ಅಜ್ಜಿ, "ಕರ್ತನೇ ಉಡಿಸಿದ ಹೂವು ಅದು, ಅದರ ಮೇಲೆ ನಿನಗ್ಯಾಕೆ ಸಿಟ್ಟು?" ಅಂದರು. ಈಗ ಹೂವಿನಮ್ಮನ ಹತ್ತಿರ ಮತ್ತೆ ತಗೊಳ್ಳುತ್ತೇನೆ. ಮುಡಿಯುವುದಿಲ್ಲ. ಮೆಷಿನ್ ಪಕ್ಕ ಒಂದು ಲೋಟ ನೀರಿನಲ್ಲಿ ಇಡುತ್ತೇನೆ.

ನನ್ನ ದೊಡ್ಡ ಪ್ರಶ್ನೆ ಬೇರೆ ಇತ್ತು. ಕೇಳೋಕೆ ಒಂದು ವರ್ಷ ಧೈರ್ಯ ಬರಲಿಲ್ಲ. ನನ್ನ ಅಂಗಡಿ ನಡೆಯೋದೇ ಮದುವೆ ಬ್ಲೌಸ್‌ಗಳಿಂದ. ಆರಿ ವರ್ಕ್, ಜರ್ದೋಸಿ, ಬೆನ್ನಿಗೆ ಗೊಂಡೆ. ಮೈಮೇಲೆ ಒಂದು ಗುಂಡಿಯೂ ಹೊಳೆಯದ ಹಾಗೆ ಇರೋ ನಾನು, ಹಗಲೆಲ್ಲ ಬೇರೆಯವರ ಮೈಗೆ ಮಣಿ ಪೋಣಿಸುತ್ತಾ ಕೂತಿರುತ್ತೇನೆ. ಇದು ಸರಿಯಾ? ನಿಲ್ಲಿಸಿದರೆ ಮಗನ ಫೀಸಿಗೆ ಏನು ಮಾಡಲಿ?

ಕೇಳಿದ ದಿನ ಯಾರೂ ತಕ್ಷಣ ಮಾತಾಡಲಿಲ್ಲ. ನರ್ಸ್ ಅಕ್ಕ ಆ ಥರದ್ದು ಬಿಟ್ಟು ಸ್ಕೂಲ್ ಯೂನಿಫಾರ್ಮ್ ಹಿಡಿ ಅಂದರು. ಹುಡುಗಿ ಬೇಡ, ಮುಂದುವರಿಸಿ ಅಂದಳು. ಅಜ್ಜಿ ಹೊರಡೋ ಹೊತ್ತಿಗೆ, ಬಾಗಿಲಲ್ಲಿ ಕೇಳಿದರು, "ಗಿರಾಕಿಗೆ ಬಟ್ಟೆ ಯಾವಾಗ ಕೊಡ್ತೀಯ?"

"ಹೇಳಿದ ದಿನಕ್ಕೆ ಎಲ್ಲಿ ಆಗುತ್ತೆ ಅಜ್ಜಿ. ನಾಳೆ ಬನ್ನಿ, ನಾಡಿದ್ದು ಬನ್ನಿ ಅಂತೀನಿ."

"ಆಗಲ್ಲ ಅಂತ ಗೊತ್ತಿದ್ದೂ ಅಂತೀಯಾ?"

ನಾನು ಸುಮ್ಮನಾದೆ.

"ಮಣಿ ಪೋಣಿಸು ಮಗಳೇ, ಅದು ನಿನ್ನ ಕೈಕೆಲಸ. ಮೊದಲು ಆ ಸುಳ್ಳು ಬಿಡು. ಹೌದು ಅಂದ್ರೆ ಹೌದಾಗಿರಬೇಕು ಅಂತ ಯೇಸುಸ್ವಾಮಿ ಹೇಳಿಲ್ವಾ?"

ತಲೆಗೆ ಮುಸುಕು ಹಾಕಿಕೊಂಡು ದಿನಕ್ಕೆ ಹತ್ತು ಸಲ "ನಾಳೆ" ಅಂತ ಸುಳ್ಳು ಹೇಳುತ್ತಿದ್ದೆ, ಏಳೆಂಟು ವರ್ಷ. ಇದು ನನಗೆ ಒಬ್ಬಳಿಗೇ ಯಾವತ್ತೂ ಕಾಣುತ್ತಿರಲಿಲ್ಲ. ಟೈಲರ್‌ಗಳೆಲ್ಲ ಹಾಗೇ ಅಂತ ಇದ್ದೆ. ಆ ಸೋಮವಾರ ಗೋಡೆಗೆ ಒಂದು ದೊಡ್ಡ ಕ್ಯಾಲೆಂಡರ್ ಹೊಡೆದೆ. ಒಂದು ದಿನಕ್ಕೆ ಎರಡೇ ಬ್ಲೌಸ್ ಬರೆಯುತ್ತೇನೆ, ಮೂರನೆಯದಕ್ಕೆ ಆಗಲ್ಲ ಅನ್ನುತ್ತೇನೆ. ಮೊದಲ ಸೀಸನ್‌ನಲ್ಲಿ ಗಿರಾಕಿಗಳು ತುಂಬಾ ಜನ ಹೋದರು. ಕೆಲವರು ವಾಪಸ್ ಬಂದರು. ಆರಿ ಕೆಲಸದ ಪ್ರಶ್ನೆ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ, ನರ್ಸ್ ಅಕ್ಕ ಆಗಾಗ ಎತ್ತುತ್ತಾರೆ. ಎತ್ತಲಿ. ಹಾಗೆ ಕೇಳೋರು ಇದ್ದಾರಲ್ಲ.

ಈ ಸಲ ಅಜ್ಜಿ ತಮಗೊಂದು ಹೊಸ ಮುಸುಕು ಬೇಕು ಅಂದಿದ್ದಾರೆ, ಸೆರಗು ಹಿಡಿದುಕೊಳ್ಳೋಕೆ ಕೈ ನಡುಗುತ್ತೆ ಅಂತ. ಬಿಳಿ ಮಲ್, ಪಿನ್ನು ಬೇಡ, ಕಟ್ಟೋಕೆ ಎರಡು ದಾರ. ಮೂರು ಅಂಚು ಮುಗಿದಿದೆ, ಒಂದು ಬಾಕಿ. ಕ್ಯಾಲೆಂಡರ್‌ನಲ್ಲಿ ಶನಿವಾರ ಅಂತ ಬರೆದಿದ್ದೇನೆ, ಅದಕ್ಕೇ ಇವತ್ತು ರಾತ್ರಿ ಕೂರಬೇಕು.