ಹನ್ನೊಂದು ವೀಣೆ, ಒಂದು ಶ್ರುತಿ, ಕೆಲವು ಪರದೆಗಳು

ಒಂದು ವೀಣೆಯನ್ನು ಶ್ರುತಿ ಮಾಡುವುದು ಒಂದು ಕೆಲಸವಾದರೆ, ಹನ್ನೊಂದು ವೀಣೆಗಳನ್ನು ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ಶ್ರುತಿಗೆ ತರುವುದು ಬೇರೆಯದೇ ಕೆಲಸ. ಪ್ರತಿ ವೀಣೆಗೆ ನಾಲ್ಕು ಮುಖ್ಯ ತಂತಿಗಳು, ಮೂರು ತಾಳದ ತಂತಿಗಳು. ಒಟ್ಟು ಎಪ್ಪತ್ತೇಳು ಬಿರಡೆಗಳು. ಒಬ್ಬರು ಷಡ್ಜವನ್ನು (ಸ) ಹುಡುಕುತ್ತಿರುವಾಗ ಪಕ್ಕದವರು ಪಂಚಮವನ್ನು (ಪ) ಏರಿಸುತ್ತಿರುತ್ತಾರೆ, ಮೂಲೆಯಲ್ಲಿ ಯಾರೋ ಸರಳೆ ವರಸೆ ನುಡಿಸಿ ನೋಡುತ್ತಿರುತ್ತಾರೆ, ಕಿಟಕಿಯಾಚೆ ಆಟೋಗಳ ಗದ್ದಲ. ನಮ್ಮ ವೀಣಾವೃಂದದ ಗುರುಗಳು ಇದಕ್ಕೆ ಕಂಡುಕೊಂಡಿದ್ದ ದಾರಿಯೆಂದರೆ ಎಲ್ಲರನ್ನೂ ಸುಮ್ಮನಿರಿಸಿ, ತಾವೇ ಒಂದೊಂದು ವೀಣೆಯ ಮುಂದೆ ಕುಳಿತು ಶ್ರುತಿ ಕೂಡಿಸುತ್ತ ಹೋಗುವುದು. ಅವರ ಕಿವಿ ತಪ್ಪುವುದಿಲ್ಲ, ನಿಜ. ಆದರೆ ಹನ್ನೊಂದನೆಯ ವೀಣೆಗೆ ಬರುವಷ್ಟರಲ್ಲಿ ಮೊದಲನೆಯದು ಇಳಿದಿರುತ್ತದೆ, ತಾಲೀಮಿಗೆಂದು ಸಿಕ್ಕ ಹೊತ್ತಿನಲ್ಲಿ ಅರ್ಧ ಕಳೆದಿರುತ್ತದೆ.

ಆ ನವರಾತ್ರಿಯಲ್ಲಿ ಮಲ್ಲೇಶ್ವರದ ಒಂದು ಸಭಾಂಗಣದಲ್ಲಿ ನಮ್ಮ ಕಾರ್ಯಕ್ರಮವಿತ್ತು. ಬೆಳಿಗ್ಗೆ ಗುರುಗಳ ಮನೆಯಲ್ಲಿ ತಾಲೀಮು, ಸಂಜೆ ವೇದಿಕೆ. ಎಲೆಕ್ಟ್ರಾನಿಕ್ಸ್ ನನ್ನ ವೃತ್ತಿ. ವೀಣೆ ತಡವಾಗಿ ಅಂಟಿಕೊಂಡದ್ದು, ಹಾಗಾಗಿ ವೃಂದದಲ್ಲಿ ನನ್ನ ಜಾಗ ಕೊನೆಯ ಸಾಲಿನ ಅಂಚು. ಆ ಬೆಳಿಗ್ಗೆ ಗುರುಗಳ ಒಪ್ಪಿಗೆ ಪಡೆದೇ ಒಂದು ಡಬ್ಬಿಯ ತುಂಬ ಕ್ಲಿಪ್ ಟ್ಯೂನರುಗಳನ್ನು ತಂದಿದ್ದೆ. ಗಿಟಾರ್ ನುಡಿಸುವವರು ತಲೆಭಾಗಕ್ಕೆ ಸಿಕ್ಕಿಸಿಕೊಳ್ಳುವ, ಬೆರಳಿನಷ್ಟು ಉದ್ದದ ಸಾಧನಗಳವು. ಅವುಗಳ ಹಿಡಿಯೊಳಗಿರುವ ಪೀಜೋ ಬಿಲ್ಲೆ ಗಾಳಿಯಲ್ಲಿ ಬರುವ ಸದ್ದನ್ನು ಕೇಳಿಸಿಕೊಳ್ಳುವುದಿಲ್ಲ, ಮರದ ನಡುಕವನ್ನು ಮಾತ್ರ ಹಿಡಿಯುತ್ತದೆ. ಆದ್ದರಿಂದ ಪಕ್ಕದ ವೀಣೆ ಎಷ್ಟೇ ಗಟ್ಟಿಯಾಗಿ ನುಡಿದರೂ ಪರದೆಯ ಮೇಲಿನ ಮುಳ್ಳು ಬೆಚ್ಚುವುದಿಲ್ಲ. ಮೊಬೈಲಿನ ಟ್ಯೂನರ್ ಆಪ್‌ಗಳು ಮೈಕನ್ನು ನಂಬಿರುವುದರಿಂದ ಇಂಥ ಕೋಣೆಯಲ್ಲಿ ಅವುಗಳಿಂದ ಏನೂ ಪ್ರಯೋಜನವಿಲ್ಲ. ಕ್ಲಿಪ್ಪನ್ನು ವೀಣೆಯ ತುದಿಯಲ್ಲಿ ಕೆತ್ತಿದ ಯಾಳಿಯ ಮುಖಕ್ಕೆ ಹಾಕಿದರೆ ಬಣ್ಣ ಕೀಳಬಹುದೆಂದು ಬಿರಡೆಗೇ ಹಾಕಿಸಿದೆವು.

ಮೊದಲ ತೊಡಕು ಆರಂಭದಲ್ಲೇ ಎದುರಾಯಿತು. ನಮ್ಮ ವೃಂದದ ಶ್ರುತಿ ಮೂರು ಮನೆ; ಆದರೆ ಗುರುಗಳ ಎಲೆಕ್ಟ್ರಾನಿಕ್ ತಂಬೂರಿ ಹಾರ್ಮೋನಿಯಂನ ಮೂರನೆಯ ಬಿಳಿ ಮನೆಗಿಂತ ಕೂದಲೆಳೆಯಷ್ಟು ಮೇಲಿದೆ, ಅವರ ಕಂಠಕ್ಕೆ ಅಲ್ಲೇ ಹಿತ. ಟ್ಯೂನರ್ ತನ್ನ ಸ್ಥಾನಗಳನ್ನು ಎಣಿಸುವುದು ಸೆಕೆಂಡಿಗೆ 440 ಕಂಪನಗಳ ಒಂದು ಸ್ವರವನ್ನು ಆಧಾರವಾಗಿಟ್ಟುಕೊಂಡು; 1955ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಶಿಫಾರಸು ಮಾಡಿದ ಅಂಕಿ ಅದು. ಕರ್ನಾಟಕ ಸಂಗೀತಕ್ಕೆ ಇಂಥ ಯಾವ ಅಂಕಿಯ ಹಂಗೂ ಇಲ್ಲ. ಹಾಡುವವರ ಅಥವಾ ವಾದ್ಯದ ಅನುಕೂಲವೇ ಆಧಾರ ಷಡ್ಜ. ಆದರೆ ಈ ಸಾಧನಗಳಲ್ಲಿ 440ನ್ನು ಮೇಲೆ ಕೆಳಗೆ ಸರಿಸುವ ಗುಂಡಿಯಿರುತ್ತದೆ, ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ತಂಬೂರಿ ಸುಮಾರು 20 ಸೆಂಟ್ ಮೇಲಿದ್ದುದರಿಂದ ಎಲ್ಲ ಕ್ಲಿಪ್‌ಗಳನ್ನೂ 445ಕ್ಕೆ ಇಟ್ಟೆವು, ಮುಳ್ಳು ನಡುವಿಗೆ ಬಂತು. ಸೆಂಟ್ ಎನ್ನುವುದು ಅಲೆಗ್ಸಾಂಡರ್ ಎಲ್ಲಿಸ್ 1885ರಲ್ಲಿ ಬಳಕೆಗೆ ತಂದ ಅಳತೆ. ಒಂದು ಸ್ಥಾಯಿಯನ್ನು 1200 ಸಮಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ಸೆಂಟ್, ಕೀಬೋರ್ಡಿನ ಅಕ್ಕಪಕ್ಕದ ಎರಡು ಮನೆಗಳ ಅಂತರ ನೂರು ಸೆಂಟ್.

ಹತ್ತು ನಿಮಿಷದೊಳಗೆ ಹನ್ನೊಂದು ಪರದೆಗಳೂ ಹಸಿರಾದವು. ಎಲ್ಲರೂ ಒಟ್ಟಿಗೆ ಬಿಡುತಂತಿಗಳನ್ನು ಮೀಟಿದಾಗ ಗುರುಗಳು ತಲೆ ಓರೆ ಮಾಡಿ ಕೇಳಿ, "ಷಡ್ಜ ಸರಿ, ಪಂಚಮ ಇನ್ನೂ ಅಲೆಯುತ್ತಿದೆ" ಎಂದರು. ಕೆಲವರು ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸಿದರು. ಲೆಕ್ಕ ಹಾಕಿದರೆ ಗುರುಗಳ ಮಾತೇ ಸರಿ. ಷಡ್ಜದಿಂದ ಶುದ್ಧ ಪಂಚಮ 702 ಸೆಂಟ್ ದೂರದಲ್ಲಿದೆ, ಟ್ಯೂನರಿನ ಪಂಚಮ 700ರಲ್ಲಿ ಕುಳಿತಿದೆ. ಎರಡೇ ಸೆಂಟ್ ವ್ಯತ್ಯಾಸ, ಅದರಲ್ಲೇನಿದೆ ಎನ್ನಬಹುದು. ಆದರೆ ಪ್ರತಿ ತಂತಿಯೂ ತನ್ನ ಮೂಲ ಸ್ವರದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಉಪಸ್ವರಗಳನ್ನೂ, ಅಂದರೆ ಹಾರ್ಮೋನಿಕ್‌ಗಳನ್ನೂ ಹೊರಡಿಸುತ್ತದೆ. ನಮ್ಮ ಶ್ರುತಿಯಲ್ಲಿ, ಷಡ್ಜಕ್ಕೆ ಕೂಡಿಸಿದ ಮೊದಲ ತಂತಿಯಾದ ಸಾರಣಿಯ ಮೂರನೆಯ ಹಾರ್ಮೋನಿಕ್ಕೂ ಪಂಚಮ ತಂತಿಯ ನಾಲ್ಕನೆಯ ಹಾರ್ಮೋನಿಕ್ಕೂ ಒಂದೇ ಕಡೆ ಬೀಳಬೇಕಾದವು. ಈ ಎರಡು ಸೆಂಟಿನಿಂದಾಗಿ ಅವುಗಳ ನಡುವೆ ಸುಮಾರು ಅರ್ಧ ಕಂಪನದ ಅಂತರ ಉಳಿದು, ಎರಡು ಸೆಕೆಂಡಿಗೊಮ್ಮೆ ನಾದ ಉಬ್ಬಿ ತಗ್ಗುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ವಿಸ್ಪಂದ ಎಂದು ಓದಿದ್ದು ಇದನ್ನೇ. ಗುರುಗಳ ಸೂಚನೆಯಂತೆ ಎಲ್ಲರೂ ಪಂಚಮವನ್ನು ಕಿವಿಯಿಂದಲೇ ಒಂದಿಷ್ಟು ಏರಿಸಿ ಅಲೆ ನಿಲ್ಲಿಸಿದೆವು. ಬಿಡುತಂತಿಗಳಲ್ಲಿ ಷಡ್ಜ ಪಂಚಮಗಳಲ್ಲದೆ ಬೇರೆ ಸ್ವರವೇ ಇಲ್ಲದಿರುವುದರಿಂದ ಪಾಶ್ಚಾತ್ಯ ಮಾನದ ಟ್ಯೂನರ್ ನಮ್ಮ ವೀಣೆಗೆ ಎಸಗಬಹುದಾದ ಅಪಚಾರ ಇಷ್ಟಕ್ಕೇ ಮುಗಿಯುತ್ತದೆ ಎಂದು ಆ ಹೊತ್ತಿಗೆ ಎಲ್ಲರಿಗೂ ಅನಿಸಿತ್ತು.

ತಾಲೀಮು ಕಲ್ಯಾಣಿ ರಾಗಕ್ಕೆ ಬಂದಾಗ ಬೇರೊಂದು ತಕರಾರು ಎದ್ದಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕ್ಲಿಪ್ ತೆಗೆದಿರಲಿಲ್ಲ. ಅಂತರಗಾಂಧಾರದ (ಆ ರಾಗದ ಗ) ಮೆಟ್ಟಿಲ ಮೇಲೆ ಬೆರಳಿಟ್ಟಾಗಲೆಲ್ಲ ಮುಳ್ಳು ಎಡಕ್ಕೆ ಬಾಗುತ್ತಿದ್ದುದನ್ನು ನೋಡಿ, ಅದು ನಡುವಿಗೆ ಬರಲೆಂದು ಅವಳು ತಂತಿಯನ್ನು ಒತ್ತಿ ಎಳೆಯತೊಡಗಿದಳು. ಪರದೆ ಹಸಿರಾಯಿತು, ಗಾಂಧಾರ ಕೆಟ್ಟಿತು. ಷಡ್ಜದ ತಂತಿಯ ಐದನೆಯ ಹಾರ್ಮೋನಿಕ್‌ನಿಂದ ಹುಟ್ಟುವ, ತಂಬೂರಿಯಲ್ಲಿ ತಾನಾಗಿಯೇ ಕೇಳಿಬರುವ ಗಾಂಧಾರ 386 ಸೆಂಟಿನ ಆಸುಪಾಸಿನಲ್ಲಿದೆ. ಟ್ಯೂನರ್ ಬಯಸುವುದು 400. ಈ ಹದಿನಾಲ್ಕು ಸೆಂಟ್ ನಮ್ಮ ಶ್ರುತಿಯಲ್ಲಿ ಸೆಕೆಂಡಿಗೆ ಆರೂವರೆ ಸಲ ಒರಟಾಗಿ ನಡುಗುವ ನಾದವಾಗುತ್ತದೆ, ಪಕ್ಕದಲ್ಲಿ ತಾಳದ ತಂತಿಯ ಷಡ್ಜ ಮೊಳಗುತ್ತಿದ್ದರಂತೂ ಅದನ್ನು ಯಾರೂ ತಡೆದುಕೊಳ್ಳಲಾರರು. ಅವಳ ವೀಣೆಗೆ ಮೇಣ ಹಾಕಿದವರು ಮೆಟ್ಟಿಲನ್ನು ಕಿವಿಯ ಲೆಕ್ಕದಲ್ಲಿ ಸರಿಯಾದ ಜಾಗದಲ್ಲೇ ಕೂರಿಸಿದ್ದರು. ಗುರುಗಳು ಮರುಮಾತಿಲ್ಲದೆ ಕ್ಲಿಪ್ಪನ್ನು ಕಿತ್ತು ಡಬ್ಬಿಗೆ ಹಾಕಿದರು. ಇದಕ್ಕೆ ಅವಳನ್ನು ದೂರುವಂತಿಲ್ಲ. ಕೆಂಪು, ಹಸಿರು ಬಣ್ಣಗಳಲ್ಲಿ ತೀರ್ಪು ಕೊಡುವ ಪರದೆಯ ಎದುರು ಹೊಸಬರ ಕಿವಿ ವಾದ ಮಾಡುವುದಿಲ್ಲ. ಇಂಥ ಪರದೆ ಎರಡು ನಾದಗಳ ನಡುವಿನ ಸಂಬಂಧವನ್ನು ಮರೆಮಾಡಿ ಒಂದು ನಾದಕ್ಕೂ ಒಂದು ಅಂಕಿಗೂ ಇರುವ ಸಂಬಂಧವನ್ನು ಮಾತ್ರ ತೋರಿಸುತ್ತದೆ ಎನ್ನುವುದೇ ನನ್ನ ಮುಖ್ಯ ಆಕ್ಷೇಪ.

ಸಂಬಂಧವನ್ನೇ ತೋರಿಸುವ ಪರದೆಗಳು ಹಿಂದಿನಿಂದಲೂ ಇವೆ. ಊಟದ ವಿರಾಮದಲ್ಲಿ, ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಯಿಂದ ಎಂದೋ ತಂದು ಕಾರಿನಲ್ಲಿಟ್ಟುಕೊಂಡಿದ್ದ, ವಿದ್ಯುತ್ ಸಂಕೇತಗಳನ್ನು ಪರದೆಯ ಮೇಲೆ ಗೆರೆಯಾಗಿ ಬರೆದು ತೋರಿಸುವ ಆಸಿಲೊಸ್ಕೋಪನ್ನು ಹೊತ್ತು ತಂದೆ. ಫ್ರಾನ್ಸಿನ ಜೂಲ್ ಲಿಸಾಜೂ 1857ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಶ್ರುತಿಕವೆಗಳ (ಟ್ಯೂನಿಂಗ್ ಫೋರ್ಕ್) ತುದಿಗೆ ಪುಟ್ಟ ಕನ್ನಡಿ ಅಂಟಿಸಿ, ಒಂದರಿಂದ ಇನ್ನೊಂದಕ್ಕೆ ಬೆಳಕನ್ನು ಪುಟಿಸಿ, ಎರಡು ಕಂಪನಗಳು ಕೂಡಿ ಬರೆಯುವ ಆಕೃತಿಯನ್ನು ಪರದೆಯ ಮೇಲೆ ಮೂಡಿಸಿದ್ದರು. ಅದೇ ಕೆಲಸವನ್ನು ವಿದ್ಯುತ್ತಿನಿಂದ ಮಾಡಬಹುದು. ಲ್ಯಾಪ್‌ಟಾಪಿನಿಂದ ನಮ್ಮ ಷಡ್ಜದ ಶುದ್ಧ ಕಂಪನವನ್ನು ಅಡ್ಡ ಅಕ್ಷಕ್ಕೂ, ವೀಣೆಯ ಮೈಗೆ ಅಂಟಿಸಿದ ಪೀಜೋ ಬಿಲ್ಲೆಯಿಂದ ಬಂದ ಸಂಕೇತವನ್ನು ಉಪಸ್ವರಗಳು ಸೋಸಿಹೋಗುವಂತೆ ಒಂದು ಫಿಲ್ಟರಿನ ಮೂಲಕ ಹಾಯಿಸಿ ಉದ್ದ ಅಕ್ಷಕ್ಕೂ ಕೊಟ್ಟೆ. ಫಿಲ್ಟರ್ ಇಲ್ಲದಿದ್ದರೆ ವೀಣೆಯ ಸಂಕೇತ ಪರದೆಯ ಮೇಲೆ ನೂಲಿನ ಸಿಕ್ಕಿನಂತೆ ಕಾಣುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ.

ಗುರುಗಳು ತಮ್ಮ ವೀಣೆಯ ಸಾರಣಿಯನ್ನು ಮೀಟಿದರು. ಹಸಿರು ಗೆರೆ ಅಂಡಾಕಾರವಾಗಿ ಎದ್ದು, ಮೊದಲ ಕ್ಷಣದಲ್ಲಿ ಬಿರುಸಾಗಿ ಮಗುಚಿ, ನಿಧಾನವಾಗಿ, ಕೊನೆಗೆ ತೆವಳುವಂತೆ ಒಂದು ಓರೆಗೆರೆಯಿಂದ ವೃತ್ತಕ್ಕೆ, ವೃತ್ತದಿಂದ ಎದುರು ಓರೆಗೆ ಹೊರಳುತ್ತ, ತಂತಿಯ ನಾದ ಆರಿದಂತೆ ಚಪ್ಪಟೆಯಾಗಿ ಅಡ್ಡಗೆರೆಯಾಯಿತು. ಆರಂಭದ ಆ ಬಿರುಸಿಗೆ ಕಾರಣವಿದೆ. ಜೋರಾಗಿ ಮೀಟಿದ ತಂತಿ ಅಗಲವಾಗಿ ಆಡುವಾಗ ಹೆಚ್ಚು ಎಳೆದುಕೊಳ್ಳುತ್ತದೆ, ಬಿಗಿ ಹೆಚ್ಚಿ ಸ್ವರ ಸ್ವಲ್ಪ ಏರಿರುತ್ತದೆ, ಆಟ ತಗ್ಗಿದಂತೆ ತನ್ನ ಜಾಗಕ್ಕೆ ಇಳಿಯುತ್ತದೆ. ಟ್ಯೂನರಿನ ಮುಳ್ಳು ಬಲಕ್ಕೆ ಜಿಗಿದು ಹಿಂದೆ ಬರುವುದೂ ಇದರಿಂದಲೇ; ಆ ಜಿಗಿತವನ್ನು ನೋಡಿ ಬಿರಡೆ ಇಳಿಸಿದವರ ತಂತಿ ಕೊನೆಗೆ ತಗ್ಗಿ ನಿಲ್ಲುತ್ತದೆ. ಗುರುಗಳು ಈಗ ಮೆಲ್ಲಗೆ ಮೀಟಿ, ಬಿರಡೆಯನ್ನು ಮುಟ್ಟದೆ, ತಂತಿಗಳನ್ನು ಹೊರುವ ಕುದುರೆಯಾಚೆಯ ಸಣ್ಣ ಬಳೆಗಳನ್ನು ಒಂದಿಷ್ಟೇ ಸರಿಸಿದರು. ಅಂಡಾಕಾರ ಹೊರಳುವುದನ್ನು ಬಿಟ್ಟಿತು. ಅವರು ಮತ್ತೆ ಮೀಟಿ, ಈ ಸಲ ಕಣ್ಣು ಮುಚ್ಚಿ ಕೇಳಿ, "ಇದು ಒಪ್ಪಬಹುದಾದದ್ದು" ಎಂದರು. ಪಂಚಮದ ತಂತಿಗೆ ಆಕೃತಿ ಬೇರೆ: ನಾಲ್ಕಕ್ಕೆ ಮೂರರ ಅನುಪಾತವಾದ್ದರಿಂದ ಹಲವು ಕುಣಿಕೆಗಳ ಒಂದು ಹೆಣಿಗೆ. ಶುದ್ಧ ಪಂಚಮಕ್ಕೆ ಮಾತ್ರ ಅದು ನಿಲ್ಲುತ್ತದೆ, 700 ಸೆಂಟಿನ ಪಂಚಮಕ್ಕೆ ಸದಾ ಸರಿಯುತ್ತಿರುತ್ತದೆ. ಬೆಳಿಗ್ಗೆ ಕಿವಿ ಹೇಳಿದ್ದನ್ನು ಕಣ್ಣೂ ಹೇಳಿತು, ಮತ್ತು ಯಾರೂ ಯಾವ ಅಂಕಿಯನ್ನೂ ಪರದೆಯಿಂದ ಓದಬೇಕಾಗಲಿಲ್ಲ.

ಸ್ಟ್ರೋಬ್ ಟ್ಯೂನರುಗಳದ್ದೂ ಇದೇ ಗುಣ. ಅಮೆರಿಕದ ಕಾನ್ ಕಂಪನಿಯ ಸ್ಟ್ರೋಬೊಕಾನ್ 1936ರಲ್ಲಿ ಬಂದದ್ದು. ನಿಗದಿತ ವೇಗದಲ್ಲಿ ತಿರುಗುವ ಪಟ್ಟೆಗಳ ತಟ್ಟೆಯ ಹಿಂದೆ, ಕೇಳಿಬಂದ ಸ್ವರದ ಲಯದಲ್ಲೇ ದೀಪ ಮಿನುಗುವಾಗ, ಸ್ವರ ಕೂಡಿದರೆ ಪಟ್ಟೆಗಳು ನಿಂತಂತೆ ಕಾಣುತ್ತವೆ, ಏರಿದ್ದರೆ ಒಂದು ಕಡೆಗೆ, ಇಳಿದಿದ್ದರೆ ಇನ್ನೊಂದು ಕಡೆಗೆ ಹರಿಯುತ್ತವೆ. ಈಗ ಇದು ಮೊಬೈಲ್ ಆಪ್‌ಗಳಲ್ಲೂ ಸಿಗುತ್ತದೆ. ಬೆಂಗಳೂರಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಸಿ.ವಿ. ರಾಮನ್ ಅವರದು. ಗುರುಗಳ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ ಅವರ ಮನೆ ಪಂಚವಟಿ. ತಂಬೂರಿ ಮತ್ತು ವೀಣೆಯ ಕುದುರೆಯ ಬಾಗಿದ ಮೇಲ್ಮೈ ಉಪಸ್ವರಗಳನ್ನು ಹೇಗೆ ಎಬ್ಬಿಸುತ್ತದೆ ಎಂಬುದನ್ನು 1921ರಲ್ಲಿ ಬರೆದ ಅವರು, ಇಲ್ಲಿಗೆ ಬಂದ ಮೇಲೆ, 1934ರ ಪ್ರಬಂಧವೊಂದರಲ್ಲಿ, ಮೃದಂಗದ ಮುಚ್ಚಿಗೆಯ ಮೇಲೆ ನುಣುಪು ಮರಳು ಉದುರಿಸಿ ಅದು ಯಾವ ಗೆರೆಗಳಲ್ಲಿ ನಿಲ್ಲುತ್ತದೆಂದು ತೋರಿಸಿದರು. ನಾದವನ್ನು ಕಣ್ಣಿಗೆ ಕಾಣಿಸುವುದು ಕಿವಿಗೆ ಮಾಡುವ ಅವಮಾನ ಎನ್ನುವ ಹಿರಿಯರು ನಮ್ಮ ವೃಂದದ ಸುತ್ತ ಇದ್ದಾರೆ; ಆ ಮಧ್ಯಾಹ್ನ ಅವರಲ್ಲಿ ಒಬ್ಬರಿಗೆ ಈ ಮರಳಿನ ಕಥೆಯನ್ನೇ ಹೇಳಿದೆ, ಅವರು ಒಪ್ಪಲಿಲ್ಲ.

ಸಂಜೆ ವೇದಿಕೆಯಲ್ಲಿ ಆಸಿಲೊಸ್ಕೋಪಿಗೆ ಜಾಗವಿರಲಿಲ್ಲ, ಅಗತ್ಯವೂ ಇರಲಿಲ್ಲ. ಮಳೆ ಬಂದು ಕರೆಂಟು ಹೋಗಿ, ಸಭಾಂಗಣದ ಹಿಂದೆ ಜನರೇಟರ್ ಗುಡುಗುತ್ತಿತ್ತು. ಅದರ ಗುಂಯ್ ಎನ್ನುವ ಸದ್ದು ಎಲ್ಲಕ್ಕಿಂತ ತಗ್ಗು ಸ್ವರದ ನಮ್ಮ ಅನುಮಂದ್ರದ ತಂತಿಯ ಹತ್ತಿರಕ್ಕೇ ಬರುತ್ತಿದ್ದುದರಿಂದ ಗುರುಗಳ ಕಿವಿಗೂ ಆ ತಂತಿ ಸಿಗುತ್ತಿರಲಿಲ್ಲ. ಮೇಲಿನ ದೀಪಗಳ ಝಳಕ್ಕೆ ಉಕ್ಕಿನ ತಂತಿ ಹಿಗ್ಗಿ ಸಡಿಲವಾಗುತ್ತದೆ. ಮೊದಲ ಕೃತಿ ಮುಗಿಯುವಷ್ಟರಲ್ಲಿ ಸಾರಣಿಗಳೆಲ್ಲ ಇಳಿದಿದ್ದವು, ಅದೂ ದೀಪದ ಕೆಳಗಿದ್ದವರದ್ದು ಹೆಚ್ಚು, ಅಂಚಿನಲ್ಲಿದ್ದ ನನ್ನದು ಕಡಿಮೆ. ಗುರುಗಳು ಸಭೆಗೆ ಮುಂದಿನ ಕೃತಿಯ ರಾಗ ತಾಳಗಳನ್ನು ವಿವರಿಸುತ್ತಿದ್ದ ಆ ಒಂದೆರಡು ನಿಮಿಷಗಳಲ್ಲಿ, ಮುಂದಿನ ಸಾಲಿನ ಪ್ರೇಕ್ಷಕರಿಗೂ ಕೇಳಿಸದಷ್ಟು ಮೆಲ್ಲಗೆ ಮೀಟಿ, ಕ್ಲಿಪ್ ನೋಡಿಕೊಂಡು ಎಲ್ಲರೂ ಷಡ್ಜವನ್ನು ಏರಿಸಿಕೊಂಡರು. ಪಂಚಮಕ್ಕೆ ಬೆಳಿಗ್ಗೆಯೇ ಗುರುತು ಮಾಡಿಕೊಂಡಿದ್ದೆವು: ಮುಳ್ಳು ನಡುಗೆರೆಯಿಂದ ಒಂದು ಎಳೆ ಬಲಕ್ಕೆ ನಿಲ್ಲಬೇಕು. ಕಿವಿಯನ್ನೇ ನಂಬಿದ್ದರೆ ಆ ಗದ್ದಲದಲ್ಲಿ ಎರಡನೆಯ ಕೃತಿ ನಿಶ್ಚಯವಾಗಿ ಅಪಶ್ರುತಿಯಲ್ಲಿ ಹೋಗುತ್ತಿತ್ತು.

ಕ್ಲಿಪ್‌ಗಳ ಡಬ್ಬಿ ಈಗ ಗುರುಗಳ ಮನೆಯ ಕಪಾಟಿನಲ್ಲಿದೆ, ಬೀಗದ ಕೈ ಅವರ ಬಳಿ ಇದೆ. ವೇದಿಕೆಗೆ ಹೋಗುವ ದಿನ ಮಾತ್ರ ಅದು ಹೊರಬರಬೇಕು, ವರ್ಣಗಳನ್ನು ಮುಗಿಸದವರ ಕೈಗೆ ಅದನ್ನು ಕೊಡಬಾರದು ಎಂಬುದು ಅವರ ಕಟ್ಟಳೆ. ಮುಳ್ಳಿನ ಬದಲು ಹೊರಳುವ ಆಕೃತಿಯನ್ನೋ ಹರಿಯುವ ಪಟ್ಟೆಗಳನ್ನೋ ತೋರಿಸಿದರೆ ಹೊಸಬರು ಅಲೆಯನ್ನು ಬೇಗ ಗುರುತಿಸಲು ಕಲಿಯುತ್ತಾರೆ, ಆದ್ದರಿಂದ ಅದನ್ನು ಮೊದಲ ವರ್ಷದಲ್ಲೇ ಕೊಡಬೇಕು ಎಂಬುದು ನನ್ನ ವಾದ. ಇದರಲ್ಲಿ ನಮ್ಮಿಬ್ಬರಿಗೆ ಇನ್ನೂ ಹೊಂದಿಕೆಯಾಗಿಲ್ಲ. ಆಸಿಲೊಸ್ಕೋಪನ್ನು ಮಾತ್ರ ಹೊಸ ತಂತಿ ಕಟ್ಟಿದಾಗಲೆಲ್ಲ ತರುವಂತೆ ಅವರೇ ಹೇಳಿಕಳಿಸುತ್ತಾರೆ.